ಜ್ವರದ ರಾತ್ರಿ ಓದಿದ್ದು

ಮೊದಲೇ ಹೇಳಿಬಿಡುತ್ತೇನೆ, ಕುದುರೆ ಬರೆಯಲು ಬಾರದವನು
ರಾಜರ ಕಥೆಗೆ ಕೈ ಹಾಕಬಾರದು.
ಬಾಬಾಜಾನ್ ರದ್ದಿ ಅಂಗಡಿಯಿಂದ ಕಿಲೋ ಲೆಕ್ಕದಲ್ಲಿ ತಂದ
'ಕೋಟೆಬಾಗಿಲ ವೀರ', ಹದಿನೆಂಟು ಸಂಚಿಕೆ,
ಮೀಸೆಗೆ ಸುರಿದ ಮಸಿಯಲ್ಲಿ ಕಾಲು ಭಾಗ
ಕುದುರೆಯ ಕಾಲಿಗೆ ಸುರಿದಿದ್ದರೆ ಸಾಕಿತ್ತು.
ಎಲ್ಲ ಕುದುರೆಗೂ ಮೊಣಕಾಲುದ್ದ ಧೂಳು.
ಧೂಳಲ್ಲ ಅದು, ಸೋಮಾರಿತನ.

ಆದರೂ ಎಸೆದಿಲ್ಲ.
ಒಂಬತ್ತನೇ ಸಂಚಿಕೆಯ ಕೊನೇ ಪುಟದಲ್ಲಿ
ಸೋತ ಸೇನಾಪತಿ ಚಪ್ಪಲಿ ಕೈಲಿ ಹಿಡಿದು ಹೊಳೆ ದಾಟುತ್ತಾನೆ.
ಮಾತಿಲ್ಲ, ಸುತ್ತ ಗೆರೆಯೂ ಇಲ್ಲ.
ಬರೆದವನಿಗೆ ಅವತ್ತು ಏನೋ ಆಗಿರಬೇಕು.

ಶಿಡ್ಲಘಟ್ಟದಿಂದ ನಾಲ್ಕು ಮೈಲಿ, ನಮ್ಮ ಹುಳುಮನೆ.
ರಾತ್ರಿ ಹತ್ತಕ್ಕೊಂದು ಸೊಪ್ಪು, ಬೆಳಗಿನ ಜಾವ ನಾಲ್ಕಕ್ಕೊಂದು,
ನಡುವೆ ನಾನು, ಗೋಣಿಚೀಲ, ಹನ್ನೆರಡು ವಾಟಿನ ಬಲ್ಬು.
"ನಲವತ್ತೊಂದಾಯ್ತು, ಇನ್ನೂ ಬೊಂಬೆ ಪುಸ್ತಕ"
ಅನ್ನುತ್ತಾಳೆ ಅತ್ತಿಗೆ ವೆಂಕಟರತ್ನ.
ಬೊಂಬೆಯಲ್ಲ ಎಂದು ವಾದಿಸುವುದನ್ನು ಬಿಟ್ಟಿದ್ದೇನೆ.
ಬೊಂಬೆಯೇ. ಏನೀಗ?

ಜಪಾನಿನವು ಬಂದದ್ದು ಆಮೇಲೆ,
ಯಾರದೋ ಮನೆ ಖಾಲಿಯಾದಾಗ, ಒಂದು ಮೂಟೆ.
ಹಿಂದಿನಿಂದ ತೆರೆಯಬೇಕು, ಬಲದಿಂದ ಎಡಕ್ಕೆ ಹೋಗಬೇಕು.
ನಾನು ತಲೆ ಕೆರೆದುಕೊಳ್ಳುತ್ತಿದ್ದರೆ ಬಾಬಾಜಾನ್ ನಕ್ಕ:
"ನಮ್ಮ ಉರ್ದು ಹಂಗೇ ಅಲ್ವಾ ಅಮ್ಮಯ್ಯಾ, ಸುಲಭ."
ಇಂಗ್ಲಿಷ್ ಒಂದಕ್ಷರ ಬಾರದ ಮನುಷ್ಯ
ತಕ್ಕಡಿ ಬದಿಗಿಟ್ಟು
ನನಗೆ ಪುಟ ತಿರುಗಿಸಲು ಕಲಿಸಿದ.

'ಉಪ್ಪಿನ ಕತ್ತಿ', ಒಂದರಿಂದ ಏಳು:
ಒಂದು ಏಟು ಬೀಳಲು ಹನ್ನೆರಡು ಪುಟ.
ಕತ್ತಿ ಎತ್ತಿದವನು ಬಾಲ್ಯವನ್ನೆಲ್ಲ ನೆನೆಯುತ್ತಾನೆ,
ಎದುರಿನವನು ಕಾಯುತ್ತಾನೆ, ಅಷ್ಟು ಮರ್ಯಾದಸ್ಥ.
ನಮ್ಮ ಗೂಡು ಮಾರ್ಕೆಟ್ಟಿಗೆ ಬಂದು ಹೀಗೆ ನಿಲ್ಲಲಿ ನೋಡೋಣ,
ಅಮ್ಮನ ಮುಖ ನೆನಪಾಗುವಷ್ಟರಲ್ಲಿ
ಲಾಟು ಇನ್ನೊಬ್ಬ ರೀಲರಿನ ಪಾಲು.
ಆದರೆ ಕಣ್ಣು ಅತಿ ದೊಡ್ಡದಾಯಿತು ಎಂದು ದೂರುವವರ ಕಡೆ ನಾನಿಲ್ಲ.
ಊರ ದೇವಿಗೆ ಅಂಟಿಸಿದ ಬೆಳ್ಳಿ ಕಣ್ಣನ್ನು
ಮಗುವಾಗಿ ಒಮ್ಮೆ ಕೆಳಗಿನಿಂದ ನೋಡಿದವರು
ಹಾಗೆ ದೂರಬಾರದು.

ಎಂಟು ಸಿಕ್ಕಿಲ್ಲ.
ಒಂಬತ್ತರಲ್ಲಿ ಅವನ ಅಕ್ಕ ಇಲ್ಲ.
ಸತ್ತಳೋ, ಕೊಟ್ಟ ಮನೆಗೆ ಹೋದಳೋ, ಯಾರೂ ಎತ್ತುವುದಿಲ್ಲ ಆ ಮಾತು,
ಊಟದ ಹೊತ್ತಿಗೆ ಬಟ್ಟಲು ಮಾತ್ರ ಒಂದು ಕಡಿಮೆ.
ತಡೆಯಲಾಗದೆ ಸೊಪ್ಪಿನ ಲೆಕ್ಕದ ಪುಸ್ತಕ ತಿರುಗಿಸಿ
ಹಿಂದಿನ ಪುಟದಿಂದ ಎಂಟನ್ನು ನಾನೇ ಬರೆಯಲು ಕೂತೆ.
ಅಕ್ಕನನ್ನು ಉಳಿಸಿದೆ. ಊರು ಬಿಡಿಸಿದೆ.
ಅಷ್ಟು ದೂರ ಹೋಗಲು ಕುದುರೆ ಬೇಕಾಯಿತು.

ಧೂಳು ಬರೆದೆ.

ಇನ್ನೊಂದಿದೆ, ಹೆಸರಿನ ಹಾಳೆ ಹರಿದದ್ದು.
ಮುದುಕಿಯೊಬ್ಬಳು ಟೀ ಅಂಗಡಿ ಗುಡಿಸುತ್ತಾಳೆ, ಅಷ್ಟೇ ಕಥೆ.
ಇದಕ್ಕೂ ದುಡ್ಡು ಕೊಟ್ಟರೇ ಎನ್ನಿಸಿತು ಮೊದಲ ಸಲ.
ನಡುವೆ ಒಂದು ಪುಟ ಪೂರಾ ಬಿಳಿ,
ಮೂಲೆಯಲ್ಲಿ ಉದ್ದುದ್ದ ಎಳೆದ ಎರಡು ಅಕ್ಷರ,
ಕೆಳಗೆ ಚಿಕ್ಕದಾಗಿ ಅರ್ಥ: ನಿಶ್ಶಬ್ದದ ಸದ್ದು.

ಅದಕ್ಕೂ ಸದ್ದಿಟ್ಟಿದ್ದಾರೆ ಆ ಜನ!
ನಮ್ಮಲ್ಲಿ ಧಡಾರ್ ಇದೆ, ಚಟ್ ಇದೆ, ಪಟಪಟ, ಸರಸರ, ದಬಕ್,
ಒಲೆಯ ಮೇಲಿನ ಸಾರಿಗೂ ಕೊತಕೊತ ಇದೆ.
ಇದಕ್ಕೇನಿದೆ? ಮೂರು ದಿನ ಹುಡುಕಿದೆ,
ಗಪ್‌ಚಿಪ್ ಸಿಕ್ಕಿತು, ಅದು ಮಕ್ಕಳ ಬಾಯಿ ಮುಚ್ಚಿಸಲಿಕ್ಕೆ.

ನಾಲ್ಕನೇ ದಿನ ಸಂಜೆ ಹುಳು ಜ್ವರಕ್ಕೆ ಕೂತವು.
ಅಲ್ಲಿಯವರೆಗೆ ತಗಡಿನ ಮೇಲೆ ತುಂತುರು ಬಿದ್ದ ಹಾಗೆ
ಸೊಪ್ಪು ಕಡಿಯುತ್ತಿದ್ದ ಅಷ್ಟೂ ಬಾಯಿ
ತಲೆ ಎತ್ತಿ ನಿಂತವು.
ಹತ್ತರ ಸೊಪ್ಪಿಲ್ಲ, ನಾಲ್ಕರದೂ ಇಲ್ಲ,
ಇಡೀ ರಾತ್ರಿ ನನ್ನದು.
ಆ ಬಿಳಿ ಪುಟ ಮತ್ತೆ ತೆರೆದೆ. ಬಹಳ ಹೊತ್ತು ಓದಿದೆ.
ಪೆನ್ಸಿಲಿನಲ್ಲಿ, ಅವರ ಅಕ್ಷರದ ಪಕ್ಕ,
ಸಣ್ಣಗೆ ಬರೆದೆ: ಜ್ವರ.

ಗೀಚಿದ ಪುಸ್ತಕಕ್ಕೆ ಬಾಬಾಜಾನ್ ಕಿಲೋಗೆ ಎರಡು ರೂಪಾಯಿ ಮುರಿಯುತ್ತಾನೆ.
ಮುರಿಯಲಿ, ನಾನೆಲ್ಲಿ ಮಾರುತ್ತೇನೆ.