ಎಪ್ಪತ್ತೆರಡನೆಯ ಆಕರ

ಮತ್ತೀಕೆರೆಯ ಬಾಡಿಗೆ ಕೋಣೆ, ರಾತ್ರಿ ಒಂದೂವರೆ.
ಎಪ್ಪತ್ತೊಂದು ಆಕರಗಳು ಸಾಲಾಗಿ ನಿಂತಿವೆ,
ಮನೆತನದ ಹೆಸರು, ಅಲ್ಪವಿರಾಮ, ಇನಿಷಿಯಲ್, ಚುಕ್ಕಿ.

ಹಿಂದಿನ ಪತ್ರಿಕೆ ಇಸವಿಗೆ ಕಂಸ ಕೇಳಿತ್ತು,
ಹಾಕಿಸಿಕೊಂಡು ತಿರಸ್ಕರಿಸಿತು.
ಇದಕ್ಕೆ ಕಂಸ ಕಂಡರಾಗದು.
ಒಂದೊಂದೇ ಬಿಡಿಸುತ್ತಿದ್ದೇನೆ
ಅವರೆಕಾಯಿ ಸುಲಿದ ಹಾಗೆ.

ನಮ್ಮ ಗೈಡು ಮೂರು ಕಡೆ ಮೂವರಾಗಿದ್ದಾರೆ:
ಒಂದರಲ್ಲಿ ಅವರ ಊರು,
ಒಂದರಲ್ಲಿ ಅವರಪ್ಪ,
ಮೂರನೆಯದರಲ್ಲಿ ಅಚ್ಚಿನ ತಪ್ಪು.

ಉಳಿದದ್ದು ನೀವು, ಮುನಿಯಲ್ಲಪ್ಪನವರೇ.
ತೂಬಿನ ಕಲ್ಲಿನ ಮೇಲೆ ಕೂತು, ಬೀಡಿ ಆರಿಸಿ,
ಅಪಾರ್ಟ್‌ಮೆಂಟಿನ ಪಾರ್ಕಿಂಗಿನತ್ತ ಕೈಚಾಚಿ
'ನೀರು ಹಿಂಗೇ ಹೋಗ್ತಿತ್ತು, ಬರ್ಕಳಮ್ಮ' ಅಂದಿರಿ.
ಬರೆದುಕೊಂಡೆ.
ನನ್ನ ನಕ್ಷೆ ಪೂರಾ ಆ ಕೈಯ ಮೇಲೆ ನಿಂತಿದೆ.

ನಿಯಮ ಹೇಳುತ್ತದೆ: ಬಾಯಿಮಾತು ಪಟ್ಟಿಗೆ ಸೇರದು.
ಪ್ರಕಾಶಕರು ಯಾರು? ಪುಟ ಎಷ್ಟು?

ಮನೆತನದ ಹೆಸರು ಅವತ್ತೇ ಕೇಳಿದ್ದೆ, ಫಾರ್ಮಿಗೆ ಬೇಕಂತ.
'ನೀರಗಂಟಿ ಅನ್ನೋರು' ಅಂದು, ತಡೆದು,
'ಈಗ್ಯಾರೂ ಅನ್ನಲ್ಲ' ಅಂದಿರಿ.

ನೀರಗಂಟಿ, ಮು.
ಟೈಪಿಸಿಯೇಬಿಟ್ಟೆ; ಅಳಿಸುವವರು ಅಳಿಸಲಿ.
ಇಸವಿಯ ಜಾಗದಲ್ಲಿ ಕರ್ಸರ್ ಮಿಣುಕುತ್ತಿದೆ.
ಯಾವುದು ಹಾಕಲಿ,
ನೀವು ಹೇಳಿದ ವರ್ಷವೋ
ನೀರು ನಿಂತ ವರ್ಷವೋ?