ಕಲಂ ನಾಲ್ಕು

ಮೂರೇ ನಿಮಿಷ ಎಂದರು. ಮೈಕಿನ ಪಕ್ಕ
ಹಸಿರು, ಹಳದಿ, ಕೆಂಪು, ಬೆರಳುದ್ದದ ದೀಪ.
ನಾನು ವರ್ನೀಸ್ ಸ್ಟಿಡಮ್. ಹತ್ತೊಂಬತ್ತು ವರ್ಷದಿಂದ
ಕೌಂಟಿಯ ತುರ್ತು ಕರೆ ಕೇಂದ್ರದಲ್ಲಿ ರಾತ್ರಿ ಪಾಳಿ.
ಕಲ್ಲಿದ್ದಲು ಕಂಪನಿ ಕೂಲಿ ಬಟವಾಡೆ ಮಾಡುತ್ತಿದ್ದ
ಹಳೇ ಕಟ್ಟಡವೇ ನಮ್ಮ ಕಚೇರಿ.
ಗಣಿ ಮುಚ್ಚಿತು, ಕಿಟಕಿಯ ಸರಳು ಉಳಿಯಿತು.

ಅಪಲಾಚಿಯನ್ ಗುಡ್ಡ ಇಳಿದು ರಾಜಧಾನಿಗೆ
ಮೂರು ಗಂಟೆ ದಾರಿ. ಅದರಲ್ಲಿ ಒಂದೂಕಾಲು ಗಂಟೆ
ಕೈಯಲ್ಲಿದ್ದ ಫೋನು ಬರೀ ಗಡಿಯಾರ.
ಇದನ್ನೇ ಮೊದಲು ಹೇಳಬೇಕೆಂದಿದ್ದೆ. ಮರೆತೆ.

ಮೇಜಿನ ಮೇಲೆ ಮಸೂದೆ, ಹನ್ನೊಂದು ಪುಟ.
ಮನೆಮನೆಗೂ ಇಂಟರ್ನೆಟ್ ಎಂದು ವಾಷಿಂಗ್ಟನ್ ಕೊಟ್ಟದ್ದರಲ್ಲಿ
ಕೇಬಲ್ಲಿಗೆ ಹೋಗಿ ಮಿಕ್ಕದ್ದೆಷ್ಟು, ಮಿಕ್ಕದ್ದು ಯಾರದ್ದು,
ಟವರಿಗೋ, ಕಂಬಕ್ಕೋ, ನಮ್ಮ ಗೊರಗೊರ ರೇಡಿಯೋಗೋ,
ಇಲ್ಲಾ ಬಂದ ದಾರಿಗೆ ಸುಂಕವಿಲ್ಲದೆ ವಾಪಸ್ಸೋ.
ಕಲಂ ನಾಲ್ಕರಲ್ಲಿ ಇತ್ತು:
'ಉಳಿದ ಹಣವನ್ನು ಸಂಪರ್ಕ ಸೌಕರ್ಯಕ್ಕೆ ಬಳಸತಕ್ಕದ್ದು.'
ಎಡಗಡೆಯ ಸೆನೆಟರು ಕನ್ನಡಕ ಒರೆಸಿ ಹೇಳಿದರು:
ಪುಟ್ಟ ತಿದ್ದುಪಡಿ. 'ತಕ್ಕದ್ದು' ತೆಗೆದು 'ಬಹುದು'.

ಹಸಿರು ದೀಪ.

ಸ್ವಾಮೀ, ನಮ್ಮಲ್ಲಿ ಭಾನುವಾರ ಬೇಯಿಸಿದ ಹುರುಳಿ ಬೀನ್ಸು
ಸೋಮವಾರ ಕಿವುಚಿ, ತಟ್ಟಿ, ಕೊಬ್ಬಿನಲ್ಲಿ ಹುರಿಯುತ್ತೇವೆ.
ನಮ್ಮಜ್ಜಿ ಅದಕ್ಕೆ ಮತ ಹಾಕಿಸಿದ್ದಿಲ್ಲ.
(ಹಿಂದೆ ಯಾರೋ ನಕ್ಕರು. ನಗಿಸಲು ಬಂದಿರಲಿಲ್ಲ ನಾನು.)

ಪ್ರವಾಹದ ರಾತ್ರಿ ಎರಡೂ ನಲವತ್ತಕ್ಕೆ ಒಂದು ಕರೆ.
ಗಂಡಸಿನ ದನಿ: 'ನೀರು ಮೆಟ್ಟಿಲು ಹತ್ತಿದೆ, ನಾವು ಇಲ್ಲಿ—'
'ಇಲ್ಲಿ' ಆದ ಮೇಲೆ ಏನೂ ಇಲ್ಲ.
ಆ ದನಿಯ ಹಿಂದೆ ರೈಲ್ವೆ ಗೇಟಿನ ಗಂಟೆ ಕೇಳಿತ್ತು.
ರೈಲೇ ಇಲ್ಲದ ರಾತ್ರಿ, ತಂತಿಗೆ ನೀರು ಹೊಕ್ಕು
ತನಗೆ ತಾನೇ ಬಡಿದುಕೊಳ್ಳುತ್ತಿದ್ದ ಗಂಟೆ.
ನಮ್ಮ ಕೌಂಟಿಯಲ್ಲಿ ಗೇಟು ಎರಡು.

ಹಳದಿ.

ನಾನು ಪಿಜನ್ ಹಳ್ಳದ ಗೇಟಿಗೆ ದೋಣಿ ಕಳಿಸಿದೆ.
ಅವನಿದ್ದದ್ದು ಕ್ರ್ಯಾಬ್‌ಆಪಲ್ ಕಡೆ.
ಅವನ ಹೆಸರು ಡೆಲ್ಮರ್ ರ‍್ಯಾಟ್ಲಿಫ್. ಬದುಕಿದ,
ನನ್ನಿಂದಲ್ಲ, ಒಂದು ಸಿಕಮೋರ್ ಮರದಿಂದ.
ಬೆಳಗಿನವರೆಗೆ ತಬ್ಬಿಕೊಂಡಿದ್ದನಂತೆ.
ಅವನ ತಮ್ಮನ ಕೈಗೆ ಮರ ಸಿಗಲಿಲ್ಲ.
ಅಗೋ, ಕೊನೆಯ ಸಾಲಿನಲ್ಲಿ ಕೂತಿದ್ದಾನೆ, ಟೋಪಿ ಮಡಿಲಲ್ಲಿಟ್ಟು.
ನನ್ನ ಮೇಜಿನ ಗಾಜಿನಡಿ ಒಂದು ನಿಯಮಪಟ್ಟಿ ಇದೆ:
ವಿಳಾಸ ಮೊದಲು ಕೇಳತಕ್ಕದ್ದು.
ಕರೆ ಕಡಿದರೆ ಮರಳಿ ಕರೆಯತಕ್ಕದ್ದು.
ಉದ್ದಕ್ಕೂ ತಕ್ಕದ್ದು, ತಕ್ಕದ್ದು. ಒಂದಾದರೂ 'ಬಹುದು'

ಕೆಂಪು.

ವಂದನೆಗಳು, ಮಿಸ್ ಸ್ಟಿಡಮ್, ಎಂದರು.
ಮಿಸ್ಸಲ್ಲ, ಮಿಸೆಸ್, ಎನ್ನುವಷ್ಟರಲ್ಲಿ ಮೈಕು ಆರಿತ್ತು.

ಏಳಕ್ಕೆ ಆರು. 'ಬಹುದು' ಗೆದ್ದಿತು.
ಕೆಟ್ಟವರೇನಲ್ಲ. ಒಬ್ಬರು ಹೊರಗೆ ಬಂದು ಕೈ ಕುಲುಕಿದರು,
ಬಾಗಿಲು ಮುಚ್ಚಿಲ್ಲವಲ್ಲ ತಾಯಿ, ಎಂದರು.
ಹೌದು. ಮುಚ್ಚಿಲ್ಲ. ತೆರೆಯಬಹುದು.

ವಾಪಸ್ಸು ಡೆಲ್ಮರನ ಗಾಡಿಯಲ್ಲೇ.
ಅವನಿಗೆ ನಾನು ದಾರಿ ಹೇಳಬೇಕಿರಲಿಲ್ಲ.
ಪಿಜನ್ ಗೇಟು ಬಂದಾಗ ಇಬ್ಬರೂ ಅತ್ತ ನೋಡಲಿಲ್ಲ.
ದಿಬ್ಬದ ನೆತ್ತಿಯಲ್ಲಿ ಫೋನಿಗೆ ಒಂದು ಕಡ್ಡಿ ಜೀವ ಬಂತು;
ಅವನು ಥಟ್ಟನೆ ಗಾಡಿ ನಿಲ್ಲಿಸಿ ಹೆಂಡತಿಗೆ ಹಚ್ಚಿದ.
ಆಕೆಯ ದನಿ ನನಗೂ ಕೇಳಿತು:
'ದುಡ್ಡು ಬರುತ್ತಂತಾ?'
ಅವನು ನನ್ನ ಮುಖ ನೋಡಿದ.
'ಬರಬಹು—' ಎಂದ.
ಅಷ್ಟರಲ್ಲಿ ಕಡ್ಡಿ ಹೋಯಿತು.