ಬೇಯದ ಕಲ್ಲು

ಲೋಕಾಪುರ ದಾಟಿ ಎಡಕ್ಕೆ, ಜಾಲಿಕಂಟಿ ಸರಿಸಿದರೆ
ಮೂರು ಭಟ್ಟಿ.
ಒಂದರ ಬಾಯೊಳಗೆ ನಾಯಿ ಈದಿದೆ.
ಇನ್ನೊಂದು ಅರ್ಧ ಕುಸಿದು ಹೊಟ್ಟೆ ತೋರಿಸುತ್ತದೆ,
ಒಳಗೋಡೆಗೆ ಗಾಜಿನ ಹಾಗೆ ಕರಗಿ ನಿಂತ ಕಪ್ಪು.
ಮೂರನೆಯದು ನಮ್ಮದು.
ನಮ್ಮದೆಂದರೆ, ನಮ್ಮವ್ವ ಹೊತ್ತದ್ದು.
ಮಾಲಕ ಬೇರೆ. ಗುಡ್ಡ ಸರಕಾರದ್ದು.

ಮೊದಲು ಹಾರೆ ಹಾಕಿದವನು ಮುತ್ಯಾ ಗಡ್ಡೆಪ್ಪ,
ಯಾವುದೋ ಸೇತುವೆ ಕಟ್ಟುವಾಗಂತೆ. ಇಸವಿ ಯಾರಿಗೂ ನೆನಪಿಲ್ಲ.
ಆಮೇಲೆ ವಾಡೆಗಳಿಗೆ ಗಚ್ಚು,
ಕಾಲರಾ ಬಂದಾಗ ಬಾವಿಗೆರಡು ಬುಟ್ಟಿ,
ಸಾಲಿಯ ಗೋಡೆ, ಖೋಖೋ ಅಂಕಣದ ಗೆರೆ, ಆಯಿಗಳ ಎಲೆಸಂಚಿ.
ಆಮೇಲೆ ಸಕ್ಕರೆ ಕಾರ್ಖಾನೆ:
ಕಬ್ಬಿನ ಹಾಲು ತಿಳಿಯಾಗಲು ಸುಣ್ಣ ಬೇಕು.
ನಿಮ್ಮ ಚಹಾದ ಸಿಹಿಯಲ್ಲಿ ನಮ್ಮವ್ವನ ಬಿರಿದ ಬೆರಳಿವೆ
ಅಂದರೆ ನಗುತ್ತಾರೆ. ನಗಲಿ.

ಒಂದು ವರಸೆ ಕಲ್ಲು, ಒಂದು ವರಸೆ ಇದ್ದಿಲು,
ಮೂರು ಹಗಲು, ಮೂರು ರಾತ್ರಿ.
ಬೆಂದ ಕಲ್ಲು ಹಗುರ. ಎತ್ತಿದ ಕೈ ಮೋಸಹೋಗುತ್ತದೆ,
ತುಂಬಿದೆಯೆಂದು ಎತ್ತಿದ ಖಾಲಿ ಕೊಡದ ಹಾಗೆ.
ಹತ್ತು ಮಣ ಒಳಹೋದರೆ ಹೊರಗೆ ಐದೂವರೆ.
ಉಳಿದದ್ದು?
‘ಗಾಳಿಗೆ’ ಅಂದ ಗುಮಾಸ್ತ ಶಾಮರಾಯ, ತಲೆ ಎತ್ತದೆ.
ಗಾಳಿಗೆ ಹೋದದ್ದಕ್ಕೆ ಪಗಾರ ಇರಲಿಲ್ಲ.

ಒಂದು ವೈಶಾಖದ ಇಳಿಹೊತ್ತು.
ಅಂಗಳದ ತುಂಬ ಹರಳುಸುಣ್ಣ, ಇನ್ನೂ ಬಿಸಿ.
ಘಟಪ್ರಭೆಯ ಕಡೆಯಿಂದ ಮೋಡ ಎದ್ದಿತು.
ಹದಿಮೂರು ಹೆಂಗಸರು ಬುಟ್ಟಿ ಬೋರಲು ಹಾಕಿ
ಅದರ ಮೇಲೆ ಕೂತರು.
ನಾನಿದ್ದೆ, ಮೂಗಿಗೆ ಅರಿವೆ ಕಟ್ಟಿಕೊಂಡು, ಅವ್ವನ ಬೆನ್ನಹಿಂದೆ.
‘ಗಾಳಿ ಹೊತ್ತಿಲ್ರೀ ಸಾವ್ಕಾರ್ರ, ನಾವು ಹೊತ್ತೇವಿ.
ಒಳಗ ಹೋಗೂದನ್ನ ತೂಗ್ರಿ.’
ಮೊದಲ ಹನಿ ಬಿತ್ತು.
ಒಂದು ಹರಳು ಚುಸ್ಸೆಂದು ಬಾಯಿಬಿಟ್ಟಿತು.
ಹೆಂಗಸರು ಮೋಡ ನೋಡಲಿಲ್ಲ, ಸಾವಕಾರನನ್ನು ನೋಡಿದರು.
ಹತ್ತನೆಯ ಹನಿಯ ಹೊತ್ತಿಗೆ ಅವನೇ ತಕ್ಕಡಿ ಹೊತ್ತು
ಭಟ್ಟಿಯ ನೆತ್ತಿಗೆ ಹತ್ತುತ್ತಿದ್ದ, ಧೋತರ ಎತ್ತಿಕಟ್ಟಿ.

ನಾಕು ವರ್ಷ ತೂಕ ಸರಿಯಿತ್ತು.
ಆಮೇಲೆ ಸಿಮೆಂಟಿನ ಚೀಲ ಬಂತು, ಡಬ್ಬಿಯ ಬಣ್ಣ ಬಂತು,
ತಕ್ಕಡಿ ಗುಜರಿಗೆ ಹೋಯಿತು.
ಅದು ಎಷ್ಟು ತೂಗಿತೋ ಗೊತ್ತಿಲ್ಲ.

ಈಗ ಕಲ್ಲು ತೆಗೆದ ಗುಂಡಿಯಲ್ಲಿ ನೀರು. ಹಸಿರು, ಆಳ.
ಹುಡುಗರು ಮುತ್ಯಾನ ಹಾರೆಗುರುತಿನ ಮೇಲಿಂದ ಜಿಗಿಯುತ್ತಾರೆ.
ದಂಡೆಗೆ ಬೇಯದ ಕಲ್ಲಿನ ರಾಶಿ:
ಅವ್ವ ಗೆಣ್ಣಿನಿಂದ ತಟ್ಟಿ, ದನಿ ಕೇಳಿ,
ಇದಲ್ಲ ಇದಲ್ಲ ಎಂದು ಎಸೆದದ್ದು.
ಒಂದನ್ನು ಎತ್ತಿದೆ. ಭಾರ. ಪೂರಾ ಭಾರ.
ನೀರಿಗೆ ಹಾಕಿದೆ.
ಉಗಿ ಏಳಲಿಲ್ಲ. ಕುದಿಯಲಿಲ್ಲ.
ಬೆಂದದ್ದಕ್ಕೆ ಮಾತ್ರ ನೀರು ಕಂಡರೆ ಸಿಟ್ಟು.
ಇದು ಸುಮ್ಮನೆ ಮುಳುಗಿತು.
ಭಟ್ಟಿಯ ಬಾಯಿಂದ ನಾಯಿ ಒಮ್ಮೆ ಇಣುಕಿ
ಮರಿಗಳ ಕಡೆ ತಿರುಗಿತು.